ಗಂಜಿ ನೀರಲ್ಲ

ನಮ್ಮ ಮನೆಯವರಿಗೆ ಹಾರ್ಟಿನ ಪಂಪಿಂಗ್ ಕಮ್ಮಿಯಾಗಿದೆ ಎಂದು ಡಾಕ್ಟರು ಹೇಳಿದ ದಿನ ನನಗೆ ಮೊದಲು ಬಂದದ್ದು ಅಳುವಲ್ಲ, ಸಿಟ್ಟು. ಸಿಟ್ಟು ನನಗೆ ಯಾವಾಗಲೂ ಮೂಗಿನ ತುದಿಯಲ್ಲೇ. ಬೀಡಿ ಸೇದಿದವರಲ್ಲ, ಕುಡಿದವರಲ್ಲ. ಬೆಳಗಾಗುವ ಮೊದಲು ಬಂದರಿಗೆ ಹೋಗಿ ಹರಾಜಿನಲ್ಲಿ ಮೀನು ಹಿಡಿದು, ಐಸ್ ಹಾಕಿಸಿ, ಟೆಂಪೋದಲ್ಲಿ ಹಾಲಾಡಿಯ ತನಕ ಕಳಿಸುತ್ತಿದ್ದ ಮನುಷ್ಯ. ಇಂಥವರ ಹಾರ್ಟಿಗೆ ಎಂತ ಬಂತು? ಯಾರನ್ನು ಬೈಯುವುದು ಎಂದು ಗೊತ್ತಾಗದೆ ಎದುರಿಗೆ ಕೂತ ಡಾಕ್ಟರನ್ನೇ ಬೈದುಕೊಂಡೆ, ಮನಸ್ಸಿನಲ್ಲಿ.

ಡಾಕ್ಟರು ಘಟ್ಟದ ಮೇಲಿನವರು, ನನ್ನ ಮಗಳ ಪ್ರಾಯದ ಹೆಂಗಸು. ಪಾಪ, ಒಳ್ಳೆಯವರೇ. ಕುಂದಾಪುರದ ಆಸ್ಪತ್ರೆಗೆ ಬಂದು ಹೆಚ್ಚು ದಿನವಾಗಿರಲಿಲ್ಲ, ನಮ್ಮ ಮಾತು ಅವರಿಗೆ ಪೂರ್ತಿ ತಿಳಿಯುತ್ತಿರಲಿಲ್ಲ. ಆದರೂ ಒಂದು ಕಾಗದದ ಮೇಲೆ ಹಾರ್ಟಿನ ಚಿತ್ರ ಬರೆದು ಸಮಾಧಾನದಲ್ಲಿ ವಿವರಿಸಿದರು. ಹಾರ್ಟಿಗೆ ತಳ್ಳುವ ಶಕ್ತಿ ಇಲ್ಲ. ಹಾಗಾಗಿ ಮೈಯಲ್ಲಿ ನೀರು ನಿಲ್ಲುತ್ತದೆ. ಮೊದಲು ಪಾದಕ್ಕೆ, ಆಮೇಲೆ ಹೊಟ್ಟೆಗೆ, ಕಡೆಗೆ ಶ್ವಾಸಕೋಶಕ್ಕೆ. ಅಲ್ಲಿಗೆ ತುಂಬಿದರೆ ಉಸಿರು ಕಟ್ಟುತ್ತದೆ. ಇದು ಪೂರ್ತಿ ಗುಣವಾಗುವ ಕಾಯಿಲೆಯಲ್ಲ, ಮನೆಯಲ್ಲಿ ಜಾಗ್ರತೆ ಮಾಡಿಕೊಂಡರೆ ವರ್ಷಗಟ್ಟಲೆ ಬದುಕಬಹುದು ಎಂದರು. ಉಪ್ಪು ಕಡಿಮೆ. ಮೂತ್ರ ಹೋಗುವ ಮಾತ್ರೆ ತಪ್ಪಿಸಬಾರದು. ದಿನವೂ ಬೆಳಿಗ್ಗೆ ತೂಕ ನೋಡಬೇಕು. ಮತ್ತೆ ನೀರು, ಇಡೀ ದಿನಕ್ಕೆ ಒಂದೇ ಲೀಟರು.

"ನೀರು, ಟೀ, ಕಾಫಿ, ಹಾಲು, ಮಜ್ಜಿಗೆ, ಜ್ಯೂಸು, ಎಲ್ಲಾ ಸೇರಿ ಒಂದು ಲೀಟರ್ ಅಮ್ಮ. ಕುಡಿಯೋದೆಲ್ಲಾ ಲೆಕ್ಕಕ್ಕೆ ಬರುತ್ತೆ."

ನಾನು ತಲೆಯಾಡಿಸಿದೆ. ಕುಡಿಯುವುದೆಲ್ಲ ಲೆಕ್ಕ. ಇದರಲ್ಲಿ ತಿಳಿಯದಿರುವುದು ಏನಿದೆ?

ತಲ್ಲೂರಿನ ನಮ್ಮ ಮನೆಯ ಜಗಲಿಯಲ್ಲಿ ನನ್ನ ಹೊಲಿಗೆ ಮೆಷಿನ್. ಊರಿನ ಹೆಂಗಸರ ರವಿಕೆ ಹೊಲಿಯುವುದು ನನ್ನ ಕೆಲಸ. ಅಲ್ಲೇ ಎದುರಿಗೆ ಇವರ ಮಂಚ ಹಾಕಿಸಿದೆ, ಕಣ್ಣೆದುರಿಗೇ ಇರಲಿ ಎಂದು. ಬೆಳಿಗ್ಗೆ ಲೀಟರು ಬಾಟಲಿಗೆ ನೀರು ತುಂಬಿಸಿ ಕಿಟಕಿಯಲ್ಲಿಡುವುದು. ಚಹಾ ಮಾಡಬೇಕಾದರೂ ಅದರಿಂದಲೇ ಬಗ್ಗಿಸಿಕೊಳ್ಳುವುದು. ಮಾತ್ರೆ ನುಂಗಲೂ ಅದರಿಂದಲೇ. ಬಾಟಲಿ ಖಾಲಿಯಾಯಿತೆಂದರೆ ಆ ದಿನದ ನೀರು ಮುಗಿಯಿತು. ಮೊದಲ ವಾರ ಇವರು ನಗಾಡುತ್ತಿದ್ದರು. "ಪಂಚಾಯ್ತಿ ನಳ್ಳಿ ಆಯ್ದೆ ಕಾಣ್ ನೀ. ಬಂದ್ರೆ ಬಂತ್, ಇಲ್ದಿರೆ ಇಲ್ಲೆ" ಎನ್ನುತ್ತಿದ್ದರು. ಎರಡನೆಯ ವಾರಕ್ಕೆ ನಗು ನಿಂತಿತು.

ಊಟದ ವಿಷಯದಲ್ಲಿ ಅಷ್ಟು ತೊಂದರೆಯಾಗಲಿಲ್ಲ. ಒಣಮೀನು, ಉಪ್ಪಿನಕಾಯಿ ನಿಂತವು. ಅದು ಕಷ್ಟವೇ, ಆದರೂ ಒಗ್ಗಿಕೊಂಡರು. ಬೆಳಿಗ್ಗೆ ಗಂಜಿ, ಮಧ್ಯಾಹ್ನ ಅನ್ನ, ರಾತ್ರಿ ಮತ್ತೆ ಗಂಜಿ. ಹುಟ್ಟಿದಾಗಿನಿಂದ ಉಂಡದ್ದೇ ಅದು. ಕಾಯಿಲೆಯವರಿಗೆ ಗಂಜಿಗಿಂತ ಹಗುರದ್ದು ಮತ್ತೆ ಎಂತ ಇದೆ? ಹೊಟ್ಟೆಗೆ ತಂಪು ಎಂದು ನಾನು ಒಂದು ಸೌಟು ಜಾಸ್ತಿಯೇ ಬಡಿಸುತ್ತಿದ್ದೆ.

ಕಷ್ಟ ಇದ್ದದ್ದು ಬಂದು ಹೋಗುವವರಿಂದ. ನಮ್ಮ ಕಡೆ ಯಾರೇ ಮನೆಗೆ ಬರಲಿ, ಕೂತ ಕೂಡಲೇ ಕೇಳುವ ಮಾತು ಒಂದೇ: "ಆಸ್ರಿಗ್ ಎಂತ ಮಾಡ್ಲಿ?" ಬಾಯಾರಿಕೆಗೂ ಆಸ್ರಿ ಎನ್ನುತ್ತೇವೆ, ಅದು ತಣಿಯಲೆಂದು ಕೊಡುವ ಚಹಾ ಪಾನಕಕ್ಕೂ ಆಸ್ರಿ ಎನ್ನುತ್ತೇವೆ. ಕಾಯಿಲೆ ನೋಡಲು ಬಂದವರಿಗೆ ಆಸ್ರಿ ಕೊಡದೆ ಕಳಿಸುವುದು ಹೇಗೆ? ಅವರು ಇವರ ಎದುರಿಗೇ ಕೂತು, ಲೋಟ ಎತ್ತಿ ಗಟಗಟ ಕುಡಿದು, ಬಾಯಿ ಒರೆಸಿಕೊಂಡು, "ಜಾಗ್ರತೆ ಮಾಡ್ಕಣಿ ಅಕಾ" ಎಂದು ಹೇಳಿ ಹೋಗುವುದು. ಇವರ ಕಣ್ಣು ಮಾತ್ರ ಲೋಟದ ಮೇಲೆ. ಕಡೆಗೆ ನಾನು ಬಂದವರನ್ನೆಲ್ಲ ಅಡುಗೆಮನೆಗೆ ಕರೆದೊಯ್ದು ನಿಲ್ಲಿಸಿಯೇ ಚಹಾ ಕೊಡತೊಡಗಿದೆ. ಕದ್ದು ಕುಡಿದ ಹಾಗಾಗುತ್ತದೆ ಮಾರಾಯ್ತಿ ಎಂದು ಪಕ್ಕದ ಮನೆಯವಳು ತಮಾಷೆ ಮಾಡಿದಳು. ನನಗೆ ತಮಾಷೆ ಹಿಡಿಸಲಿಲ್ಲ.

ಇಷ್ಟೆಲ್ಲ ಮಾಡಿದರೂ ತೂಕ ಏರತೊಡಗಿತು. ಕಾಲು ಊದಿತು. ಹೆಬ್ಬೆರಳಿನಿಂದ ಒತ್ತಿದರೆ ಹಿಟ್ಟಿಗೆ ಒತ್ತಿದ ಹಾಗೆ ಗುಂಡಿ ಬಿದ್ದು ಅಲ್ಲೇ ಉಳಿಯುತ್ತಿತ್ತು. ಮಲಗಲು ಒಂದು ದಿಂಬು ಸಾಲದೆ ಎರಡಾಯಿತು, ಎರಡು ಮೂರಾಯಿತು. ಡಾಕ್ಟರಿಗೆ ಫೋನ್ ಮಾಡಿದರೆ ಅವರದು ಒಂದೇ ಪ್ರಶ್ನೆ. "ನೀರು ಎಷ್ಟು ಕುಡೀತಿದ್ದಾರೆ?" ಒಂದೇ ಲೀಟರು ಎಂದೆ. ಖಂಡಿತವಾಗಿಯೂ? ಖಂಡಿತ. ಮತ್ತೊಮ್ಮೆ ಸರಿಯಾಗಿ ಅಳೆದು ನೋಡಿ ಅಮ್ಮ ಎಂದರು. ನಂಬಲಿಲ್ಲ ಎಂದು ನನಗೆ ಗೊತ್ತಾಯಿತು.

ಆಗ ನಾನೂ ನಂಬುವುದನ್ನು ಬಿಟ್ಟೆ. ಬಾಟಲಿಯ ನೀರು ನನ್ನ ಲೆಕ್ಕದಲ್ಲಿದೆ. ಹಾಗಾದರೆ ಮೈಗೆ ನೀರು ಎಲ್ಲಿಂದ ಬಂತು? ಬಚ್ಚಲುಮನೆಯ ನಳ್ಳಿಯಿಂದಲೇ ಬಂದಿರಬೇಕು. ಇವರು ಬಚ್ಚಲಿಗೆ ಹೋದರೆ ನಾನು ಮೆಷಿನ್ ನಿಲ್ಲಿಸಿ ಬಾಗಿಲಿಗೆ ಕಿವಿ ಕೊಟ್ಟು ನಿಲ್ಲುತ್ತಿದ್ದೆ. ಚೊಂಬು ತೆಗೆದಿಟ್ಟೆ. ಅಷ್ಟರಲ್ಲಿ ಬೈಂದೂರಿನಿಂದ ಇವರ ಅಕ್ಕ ಬಂದರು. ಅತ್ತಿಗೆಗೆ ಈ ತಮ್ಮನೆಂದರೆ ಪ್ರಾಣ, ತಾಯಿ ಹೋದ ಮೇಲೆ ಸಾಕಿದವರೇ ಅವರು. ಅವರೂ ನನ್ನ ಜೊತೆ ಸೇರಿದರು.

"ಖರೆ ಹೇಳ್ ತಮಾ. ಕದ್ದ್ ಕುಡೀತ್ಯಾ?"

"ಇಲ್ಲೆ ಅಕ್ಕಾ."

"ನನ್ ತಲಿ ಮುಟ್ಟಿ ಹೇಳ್."

ಮೊಮ್ಮಗನಿದ್ದ ಮನುಷ್ಯ ಅಕ್ಕನ ತಲೆ ಮುಟ್ಟಿ ನೀರು ಕುಡಿಯಲಿಲ್ಲ ಎಂದು ಆಣೆ ಹಾಕಿದರು. ಹಾಕಿ, ಗೋಡೆಯ ಕಡೆ ತಿರುಗಿ ಮಲಗಿದರು. ಇಡೀ ಬಂದರಿನಲ್ಲಿ ಇವರ ಮಾತೆಂದರೆ ಮಾತು. ಕೈಮೇಲೆ ಕೈ ಹೊಡೆದರೆ ಸಾಕು, ಮೀನು ಕೊಡುತ್ತಿದ್ದರು. ಅಂಥವರನ್ನು ನಾವಿಬ್ಬರು ಹೆಂಗಸರು ಸೇರಿ ಕಳ್ಳನ ಹಾಗೆ ನಿಲ್ಲಿಸಿ ಕೇಳಿದೆವು. ಆಣೆ ಹಾಕಿದ ಮೇಲೂ ನನಗೆ ಅನುಮಾನವಿತ್ತು.

ಅದೇ ವಾರ ಒಂದು ಸಂಜೆ ದೀಪ ಹಚ್ಚುವ ಹೊತ್ತಿಗೆ ಇವರಿಗೆ ಉಸಿರು ಸಿಗದಾಯಿತು. ಮಂಚದ ತುದಿಯಲ್ಲಿ ಕೂತು, ಎರಡೂ ಕೈಯನ್ನು ಮೊಣಕಾಲಿಗೆ ಊರಿ, ಬಾಯಿ ತೆರೆದು ಗಾಳಿಗೆ ಒದ್ದಾಡುತ್ತಿದ್ದರು. ದಡಕ್ಕೆ ಹಾಕಿದ ಮೀನು ಹೀಗೆಯೇ ಬಾಯಿ ಬಿಡುವುದನ್ನು ನಾನು ಹುಟ್ಟಿದಾಗಿನಿಂದ ನೋಡಿದ್ದೇನೆ. ಆ ದಿನದ ತನಕ ಅದು ಕಷ್ಟ ಎಂದು ನನಗೆ ಯಾವತ್ತೂ ಅನ್ನಿಸಿರಲಿಲ್ಲ. ರಿಕ್ಷಾದಲ್ಲಿ ಕೂರಿಸಿ ಕರೆದುಕೊಂಡು ಹೋದೆವು. ಇಂಜೆಕ್ಷನ್ ಕೊಟ್ಟರು, ಆಕ್ಸಿಜನ್ ಹಾಕಿದರು. ಎರಡು ದಿನದಲ್ಲಿ ಅಷ್ಟೂ ನೀರು ಮೂತ್ರದಲ್ಲಿ ಹೋಗಿ ಮುಖ ಮೊದಲಿನ ಹಾಗಾಯಿತು.

ಮೂರನೆಯ ದಿನ ಹಸಿವಾಗುತ್ತದೆ ಎಂದರು. ನನಗೆ ಖುಷಿಯೋ ಖುಷಿ. ಆಸ್ಪತ್ರೆಯ ಎದುರಿನ ಹೋಟೆಲಿನಲ್ಲಿ ಗಂಜಿಯೂಟ ಸಿಗುತ್ತದೆ, ಕ್ಯಾರಿಯರಿನಲ್ಲಿ ತಂದು ಬಡಿಸಿದೆ. ಎರಡು ತುತ್ತು ಉಂಡಿರಲಿಲ್ಲ, ಡಾಕ್ಟರು ಬಂದರು. ತಟ್ಟೆ ನೋಡಿ ನಿಂತರು.

"ಏನಮ್ಮ ಇದು?"

"ಊಟ."

"ಇದರ ತುಂಬ ನೀರೇ ಇದೆಯಲ್ಲ?"

"ಅದ್ ನೀರಲ್ಲ ಡಾಕ್ಟ್ರೇ. ಗಂಜಿ."

ಆ ಮಾತು ನನ್ನ ಬಾಯಿಂದ ಎಷ್ಟು ಸಲೀಸಾಗಿ ಬಂತೆಂದರೆ, ಡಾಕ್ಟರಿಗೆ ಇಷ್ಟೂ ಗೊತ್ತಿಲ್ಲವಲ್ಲ ಎಂದು ಒಳಗೊಳಗೇ ನಗು ಬಂದಿತ್ತು. ಡಾಕ್ಟರು ನಗಲಿಲ್ಲ. ಮೂತ್ರ ಅಳೆಯಲು ಇಡುವಂಥ ಗೆರೆ ಹಾಕಿದ ಲೋಟ ಹೊಸದೊಂದನ್ನು ತರಿಸಿ, ಗಂಜಿಯ ಮೇಲಿನ ತೆಳಿಯನ್ನು, ಅಂದರೆ ಅನ್ನ ಬೆಂದ ನೀರನ್ನು, ಚಮಚ ಅಡ್ಡ ಹಿಡಿದು ಅದಕ್ಕೆ ಬಗ್ಗಿಸಿದರು. ತೆಳಿ ಬರುತ್ತಲೇ ಇತ್ತು. ಲೋಟದ ಗೆರೆ ನನಗೆ ತೋರಿಸಿದರು. ಬೆಳಿಗ್ಗೆಯೂ ಹೀಗೇ ಊಟ ಮಾಡುತ್ತಾರಾ? ಹೌದು. ರಾತ್ರಿಯೂ? ಹೌದು. ಅವರು ಹಣೆಗೆ ಕೈ ಹಚ್ಚಿಕೊಂಡರು. ನಮ್ಮ ಬಾಟಲಿಯಷ್ಟೇ ನೀರನ್ನು ಇವರು ದಿನವೂ ಉಣ್ಣುತ್ತಿದ್ದರು.

ಯಾರ ತಪ್ಪು? ಡಾಕ್ಟರು ಕುಡಿಯುವುದನ್ನು ಕೇಳಿದರು, ನಾನು ಕುಡಿಯುವುದನ್ನು ಹೇಳಿದೆ. ಗಂಜಿಯನ್ನು ನಮ್ಮಲ್ಲಿ ಯಾರೂ ಕುಡಿಯುವುದಿಲ್ಲ. ಗಂಜಿ ಉಣ್ಣುವುದು. ಬೆಳಿಗ್ಗೆ ದಾರಿಯಲ್ಲಿ ಸಿಕ್ಕವರು ಗಂಜಿ ಉಂಡಾಯಿತಾ ಎನ್ನುತ್ತಾರೆ. ಕೇಳಿದವರಿಗೂ ಹೇಳಿದವಳಿಗೂ ಕನ್ನಡವೇ ಬರುತ್ತಿತ್ತು, ಒಂದು ಕ್ರಿಯಾಪದದಲ್ಲಿ ಇವರ ಉಸಿರು ಸಿಕ್ಕಿಹಾಕಿಕೊಂಡಿತು. ನಾನು ಇವರ ಮುಖ ನೋಡಿದೆ. ಇವರು ನನ್ನ ಕಡೆ ನೋಡಲಿಲ್ಲ, ಎತ್ತಿಕೊಂಡು ಹೋಗುತ್ತಿದ್ದ ತಟ್ಟೆಯ ಕಡೆ ನೋಡುತ್ತಿದ್ದರು.

ಅತ್ತಿಗೆ ಫೋನಿನಲ್ಲಿ ಒಪ್ಪಲೇ ಇಲ್ಲ. "ಗಂಜಿ ನೀರಾ? ಎಂತ ಹೇಳ್ತ್ರ್ ಅವ್ರ್? ಬಾಣಂತಿಗೆ ಗಂಜಿ, ಜ್ವರಕ್ಕೆ ಗಂಜಿ, ಹಲ್ಲಿಲ್ದವ್ರಿಗೆ ಗಂಜಿ. ಗಂಜಿ ಬಿಟ್ರೆ ಅವ ಬದುಕುದ್ ಹ್ಯಾಂಗ್?" ನನಗೂ ಅದೇ ಕೇಳಬೇಕೆನ್ನಿಸುತ್ತಿತ್ತು. ಕೇಳಲು ಯಾರೂ ಇರಲಿಲ್ಲ.

ಮನೆಗೆ ಬಂದ ಮೇಲೆ ಗಂಜಿ ನಿಂತಿತು. ಮೂರು ಹೊತ್ತೂ ಬಸಿದ ಅನ್ನ, ಉಪ್ಪಿಲ್ಲದ ಗಟ್ಟಿ ಸಾರು ಎರಡು ಚಮಚ. ಒಳ್ಳೆಯ ಅಂಜಲ್ ಮೀನು ಸಿಕ್ಕರೂ ಹುರಿದದ್ದು ಗಂಟಲಿಗೆ ಅಂಟುತ್ತದೆ ಎನ್ನುತ್ತಿದ್ದರು. ತೂಕ ಏರುವುದು ಮಾತ್ರ ನಿಂತಿತು. ಕಾಲಿನ ಊತ ಇಳಿಯಿತು. ಡಾಕ್ಟರಿಗೆ ಸಂತೋಷ. ಆದರೆ ಅದು ಏಪ್ರಿಲ್ ತಿಂಗಳು. ನಮ್ಮ ಕರಾವಳಿಯ ಸೆಕೆ ಗೊತ್ತಿದ್ದವರಿಗೆ ಹೇಳಬೇಕಾಗಿಲ್ಲ, ಸುಮ್ಮನೆ ಕೂತವರಿಗೂ ಬನಿಯನು ಒದ್ದೆ. ಇವರ ತುಟಿ ಒಡೆಯಿತು. ನಾಲಿಗೆ ಮೇಲಕ್ಕೆ ಅಂಟಿ ಮಾತು ತೊದಲುತ್ತಿತ್ತು. ಐಸಿನ ಚೂರು ಚೀಪಿಸಿದೆ. ಲಿಂಬೆಯ ಹೋಳು ನೆಕ್ಕಿಸಿದೆ. ಬಾಯಿ ಮುಕ್ಕಳಿಸಿ ಉಗುಳಬಹುದು ಎಂದು ಡಾಕ್ಟರು ಹೇಳಿದ್ದರು. ದಿನದಲ್ಲಿ ಎಷ್ಟೋ ಸಲ ಲೋಟದಲ್ಲಿ ನೀರು, ಬೋಗುಣಿ ಹಿಡಿದು ಎದುರಿಗೆ ನಿಲ್ಲುತ್ತಿದ್ದೆ. ಬಾಯಿಗೆ ನೀರು ತೆಗೆದುಕೊಂಡು ಅದನ್ನು ಆ ಕೆನ್ನೆಯಿಂದ ಈ ಕೆನ್ನೆಗೆ, ಈ ಕೆನ್ನೆಯಿಂದ ಆ ಕೆನ್ನೆಗೆ ಆಡಿಸುವರು. ಉಗುಳಲು ಮನಸ್ಸಿಲ್ಲ. ಕಣ್ಣು ಮುಚ್ಚುವರು. ನಾನು ಮುಖ ನೋಡುತ್ತಿರಲಿಲ್ಲ, ಗಂಟಲು ನೋಡುತ್ತಿದ್ದೆ. ಗಂಟಲಿನ ಗಂಟು ಮೇಲೆ ಹೋಗಿ ಕೆಳಗೆ ಬಂತೋ ಎಂದು. ಮದುವೆಯಾಗಿ ಮೂವತ್ತು ವರ್ಷ ಕಳೆದ ಮೇಲೆ ಗಂಡನ ಗಂಟಲನ್ನು ಪೊಲೀಸಿನವಳ ಹಾಗೆ ಕಾಯುವ ಕೆಲಸ ನನ್ನ ಪಾಲಿಗೆ ಬಂತು.

"ನಿನ್ ಕೈಯಗೆ ಸಿಕ್ಕ್ ಬಿದ್ದೆ ನಾ" ಎಂದರು ಒಂದು ದಿನ. ತಮಾಷೆಗಲ್ಲ.

"ಯಾರಿಗ್ ಬೇಕ್ ಈ ಕೆಲ್ಸ? ನಂಗ್ ಬೇಕಾ?" ಎಂದು ನಾನೂ ಕೂಗಿದೆ. ಬೋಗುಣಿಯನ್ನು ನೆಲಕ್ಕೆ ಕುಕ್ಕಿದೆ. ಉಗುಳಿದ ನೀರು ಚೆಲ್ಲಿ ಯಾರದೋ ಹೊಸ ರವಿಕೆ ಬಟ್ಟೆ ಒದ್ದೆಯಾಯಿತು.

ಮಧ್ಯಾಹ್ನ ಊಟದ ಹೊತ್ತಿಗೆ ಮೆಲ್ಲಗೆ ಕೇಳುವರು. "ಹ್ವಾಯ್, ಒಂಚೂರ್ ಗಂಜಿ ಕೊಡ್. ತೆಳಿ ಬ್ಯಾಡ, ಗಂಜಿ ಅಂದ್ ಹೇಳಿ ಬಡ್ಸ್, ಸಾಕ್." ತೆಳಿಯಿಲ್ಲದ ಗಂಜಿ ಎಂದರೆ ಅನ್ನವೇ. ಆದರೂ ನಾನು ಅನ್ನ ಬಡಿಸಿ, "ತಕಣಿ, ಗಂಜಿ" ಎನ್ನುತ್ತಿದ್ದೆ. ಇವರು ತಟ್ಟೆಯನ್ನು ಸ್ವಲ್ಪ ವಾಲಿಸಿ ನೋಡುವರು, ಅಭ್ಯಾಸದಿಂದ. ನಾನು ಎದ್ದು ಒಳಗೆ ಹೋಗುತ್ತಿದ್ದೆ.

ಒಂದು ಮಳೆಗಾಲ ಹೀಗೆಯೇ ಕಳೆಯಿತು. ಒಂದು ಹನಿಯೂ ಹೆಚ್ಚು ಕೊಡಲಿಲ್ಲ, ಇವರೂ ಹೆಚ್ಚು ಕುಡಿಯಲಿಲ್ಲ, ಒಂದು ಮಾತ್ರೆಯೂ ತಪ್ಪಲಿಲ್ಲ. ಅಷ್ಟಾದರೂ ಚೌತಿ ಕಳೆದ ಮೇಲೆ ಕಾಲು ಮತ್ತೆ ಊದಿತು. ಈ ಸಲ ಲೆಕ್ಕ ತಪ್ಪಿದ್ದು ಎಲ್ಲಿ ಎಂದು ಹುಡುಕಿದೆ. ಸಾಂಬಾರಾ? ಹಣ್ಣಾ? ಅತ್ತಿಗೆ ಬೈಂದೂರಿನಿಂದ ತಂದ ಬೊಂಡದ ಎಳನೀರನ್ನು ನಾನು ಮುಟ್ಟಲೂ ಬಿಟ್ಟಿರಲಿಲ್ಲ. ಹುಡುಕಿ ಸಿಕ್ಕಿದ್ದರೆ ನಿಲ್ಲಿಸಬಹುದಿತ್ತು. ಏನೂ ಸಿಗಲಿಲ್ಲ. ನಾನು ಹೆದರಿದ್ದು ಅದಕ್ಕೇ.

ಡಾಕ್ಟರು ಸ್ಕ್ಯಾನ್ ಮಾಡಿಸಿದರು, ರಕ್ತ ನೋಡಿದರು. ಇವರನ್ನು ಒಳಗೆ ಮಲಗಿಸಿ ನನ್ನನ್ನು ಹೊರಗೆ ಕರೆದರು. ಬ್ರಹ್ಮಾವರದಿಂದ ಮಗಳು ಬರುವುದರೊಳಗೇ ಹೇಳಿಬಿಟ್ಟರು. ಹಾರ್ಟು ಇನ್ನೂ ಸೋತಿದೆ, ಕಿಡ್ನಿಯೂ ಕೈಬಿಡುತ್ತಿದೆ. ಮಾತ್ರೆ ಇನ್ನು ಕೆಲಸ ಮಾಡುವುದಿಲ್ಲ. ಆಸ್ಪತ್ರೆಯಲ್ಲಿಟ್ಟುಕೊಂಡು ಮಾಡುವುದು ಹೆಚ್ಚೇನೂ ಇಲ್ಲ. ಮನೆಯಲ್ಲೇ ಆರಾಮಾಗಿ ಇರಲಿ.

"ನೀರು?" ಎಂದೆ.

"ಇನ್ನು ಲೆಕ್ಕ ಇಡಬೇಡಿ ಅಮ್ಮ. ಕೇಳಿದ್ದು ಕೊಡಿ." ಫೈಲು ಮುಚ್ಚುತ್ತಾ, "ಗಂಜಿ ಕೊಡಿ" ಎಂದರು. ಅವರ ಕಣ್ಣಲ್ಲಿ ನೀರಿತ್ತು.

ನಾನು ಅವರನ್ನು ಹೊಡೆಯಲಿಲ್ಲ, ಅಷ್ಟೇ. ಇಷ್ಟು ದಿನ ಕೊಡಬೇಡಿ ಎಂದು ನನ್ನ ಕೈಯಿಂದ ಕಸಿದದ್ದು ಯಾರು? ಅವರು ಹೇಳಿದ್ದು ಸರಿ ಎಂದು ನನಗೆ ಗೊತ್ತು. ಆಗಲೂ ಸರಿ, ಈಗಲೂ ಸರಿ. ಅವರ ತಪ್ಪಿಲ್ಲ ಎಂದು ಗೊತ್ತಿದ್ದಾಗ ಬರುವ ಸಿಟ್ಟು ಇದೆಯಲ್ಲ, ಅದನ್ನು ಎಲ್ಲಿಯೂ ಇಳಿಸಲಾಗುವುದಿಲ್ಲ.

ಕಾರಿನಲ್ಲಿ ಇವರು ಕೇಳಿದರು. "ಎಂತ ಹೇಳ್ರ್?"

"ಮಾತ್ರೆ ಬದ್ಲ್ಸ್ರ್" ಎಂದೆ.

ಮರುದಿನ ಬೆಳಿಗ್ಗೆ ಬಾಟಲಿ ಕೈಯಲ್ಲಿ ಹಿಡಿದು ಅಡುಗೆಮನೆಯಲ್ಲಿ ನಿಂತೆ. ಕೇಳಿದ್ದು ಕೊಡಿ ಎಂದರು ಡಾಕ್ಟರು, ಆದರೆ ಹೇಗೆ ಕೊಡುವುದು? ಇಷ್ಟು ತಿಂಗಳು ಹನಿ ಹನಿಗೆ ಜಗಳ ಮಾಡಿದವಳು ಇವತ್ತು ಚೊಂಬು ತುಂಬ ತಂದಿಟ್ಟು ಕುಡಿಯಿರಿ ಎಂದರೆ, ಇವರಿಗೆ ತಿಳಿಯದೇ ಇರುತ್ತದೆಯೇ? ಮೀನಿನ ಹರಾಜಿನಲ್ಲಿ ಎದುರಿನವರ ಮುಖ ನೋಡಿಯೇ ಅವರು ಎಲ್ಲಿಗೆ ನಿಲ್ಲುತ್ತಾರೆಂದು ಹೇಳುತ್ತಿದ್ದ ಮನುಷ್ಯ ಇವರು. ನೀರು ಕೊಟ್ಟರೆ ಸುದ್ದಿ ಕೊಟ್ಟ ಹಾಗೆ. ಕೊಡದಿದ್ದರೆ, ಯಾವ ಪ್ರಯೋಜನವೂ ಇಲ್ಲದೆ, ಸಾಯುವವರನ್ನು ಬಾಯಾರಿಸಿ ಕೂರಿಸಿದ ಹಾಗೆ. ನಾನು ಬಾಟಲಿಯನ್ನು ಎಂದಿನಷ್ಟೇ ತುಂಬಿಸಿ ಕಿಟಕಿಯಲ್ಲಿಟ್ಟೆ.

ಅಂಥ ದಿನಗಳು ಕೆಲವು ಹೋದವು. ಇವರು ನೀರು ಕೇಳುವರು, ನಾನು ಹಿಂದಿನ ಹಾಗೆಯೇ, "ಈಗ ಬ್ಯಾಡ, ಸಂಜಿಗ್ ಬೇಕಲ್ದಾ?" ಎನ್ನುವೆ. ಎಂದು ಒಳಗೆ ಹೋಗಿ ಸೆರಗು ಬಾಯಿಗೆ ತುರುಕಿಕೊಂಡು ಅಳುವೆ. ಅತ್ತಿಗೆ ಫೋನಿನಲ್ಲಿ, "ಕೊಡ್ ಮಾರಾಯ್ತಿ, ನಿಂಗ್ ಕೈ ಮುಗಿತೆ" ಎಂದರು. ಮಗಳು, ನೀನು ಹೇಳಿಬಿಡು ಅಮ್ಮ ಎಂದಳು. ಹೇಳುವುದು ಎಂದರೆ ಅವರಿಗೆ ಅಷ್ಟು ಸುಲಭ. ಇವರ ಎದುರು ನಿಲ್ಲಬೇಕಾದವಳು ನಾನು.

ಆಮೇಲೆ ಒಂದು ದಿನ ಇವರು ಕೇಳುವುದನ್ನೇ ಬಿಟ್ಟರು. ಬೆಳಗಿನಿಂದ ಸಂಜೆಯ ತನಕ ನೀರು ಎನ್ನಲಿಲ್ಲ, ಹ್ವಾಯ್ ಎನ್ನಲಿಲ್ಲ. ಬೈದರೂ ಆಗುತ್ತಿತ್ತು. ಏನಾದರಾಗಲಿ ಎಂದು ಎದ್ದೆ. ಕುಚ್ಚಲಕ್ಕಿ ತೊಳೆದು ಒಲೆಗಿಟ್ಟೆ. ಅಕ್ಕಿ ಬೇಯುವ ವಾಸನೆ ಜಗಲಿಯ ತನಕ ಹೋಗಿರಬೇಕು. ಮಗಳಿಗೆಂದು ತೆಗೆದಿಟ್ಟಿದ್ದ ಉಪ್ಪಿನಕಾಯಿಯ ಒಂದು ಮಿಡಿಯನ್ನೂ ತೆಗೆದೆ. ಅಗುಳು ಮುಳುಗಿ ಮೇಲೆ ನಿಲ್ಲುವಷ್ಟು ತೆಳಿ ಬಿಟ್ಟು, ದೊಡ್ಡ ಬಟ್ಟಲಿನಲ್ಲಿ ತೆಗೆದುಕೊಂಡು ಹೋಗಿ ಎದುರಿಗಿಟ್ಟೆ.

ಇವರು ಎದ್ದು ಕೂತರು. ಬಟ್ಟಲು ನೋಡಿದರು. ಮಿಡಿ ನೋಡಿದರು.

"ತೆಳಿ ಇತ್ತಲೆ" ಎಂದರು.

"ಇತ್ತ್. ಉಣ್ಣಿ."

"ಡಾಕ್ಟ್ರ್ ಅಡ್ಡಿಲ್ಲೆ ಅಂದ್ರಾ?"

"ಅಡ್ಡಿಲ್ಲೆ ಅಂದ್ರ್." ಧ್ವನಿ ಗಟ್ಟಿಯಾಗಿಯೇ ಬಂತು. ಮುಖವನ್ನು ಮಾತ್ರ ನನ್ನಿಂದ ಹಿಡಿಯಲಾಗಲಿಲ್ಲ.

ಇವರು ನನ್ನ ಮುಖವನ್ನೇ ನೋಡಿದರು, ತುಂಬಾ ಹೊತ್ತು. ಬಟ್ಟಲಿನ ಅಂಚು ಹಿಡಿದು ಎಳೆದಾಗ ತೆಳಿ ತುಳುಕಿ ಹೆಬ್ಬೆರಳು ಒದ್ದೆಯಾಯಿತು. ಅದನ್ನು ನೆಕ್ಕಲಿಲ್ಲ, ಲುಂಗಿಗೆ ಒರೆಸಿಕೊಂಡರು. ಮತ್ತೆ ಬಟ್ಟಲನ್ನು ಮೆಲ್ಲಗೆ ನನ್ನ ಕಡೆ ದೂಡಿದರು.

"ತೆಳಿ ಬಸ್ದ್ ತಕಂಡ್ ಬಾ."

"ಒಂಚೂರ್ ಉಣ್ಣಿ ಮಾರಾಯ್ರೆ. ಎಂತ ಆತಿಲ್ಲೆ."

"ಬ್ಯಾಡ. ನಾಳಿಗ್ ಕಾಲ್ ಊದ್ರೆ ನೀ ಬೈತೆ."

ಬಟ್ಟಲು ಎತ್ತಿಕೊಂಡು ಅಡುಗೆಮನೆಗೆ ಬಂದೆ. ಜಗಲಿಯಿಂದ ಕೂಗಿದರು, ಉಸಿರು ಸಾಲದೆ ಎರಡು ಸಲಕ್ಕೆ ಕೂಗಿದರು: "ಪೂರಾ ಬಸಿ... ಹನಿ ಬಿಡ್ಬೇಡ." ಇವರಿಗೆ ಎಲ್ಲ ಗೊತ್ತಾಗಿತ್ತು, ಆದರೂ ಇವರಿಗೆ ಇನ್ನೂ ಬದುಕಬೇಕಿತ್ತು. ನಾನು ಬಟ್ಟಲಿಗೆ ತಟ್ಟೆ ಅಡ್ಡ ಹಿಡಿದು, ತೆಳಿಯನ್ನು ಪೂರಾ ಬಸಿದೆ.